ಸತ್ಯವೇದದ ಖಾಲಿ ಹಾಳೆ

ನಮ್ಮ ಮನೆಯ ಹಳೆಯ ಸತ್ಯವೇದದಲ್ಲಿ ಹಳೆಯ ಒಡಂಬಡಿಕೆ ಮುಗಿದು ಹೊಸ ಒಡಂಬಡಿಕೆ ಆರಂಭವಾಗುವ ನಡುವೆ ಎರಡು ಖಾಲಿ ಹಾಳೆಗಳಿವೆ. ಖಾಲಿ ಎಂದರೆ ಅಚ್ಚುಕೂಟದವರು ಖಾಲಿ ಬಿಟ್ಟದ್ದು. ಈಗ ಅವುಗಳ ಮೇಲೆ ನಾಲ್ಕು ತಲೆಮಾರಿನ ಕೈಬರಹ ಒತ್ತೊತ್ತಾಗಿ ಕುಳಿತಿದೆ. ಯಾರು ಯಾವಾಗ ಹುಟ್ಟಿದರು, ಯಾರಿಗೆ ಯಾವ ಭಾನುವಾರ ದೀಕ್ಷಾಸ್ನಾನವಾಯಿತು, ಯಾರ ಮದುವೆ ಯಾವ ಊರಿನ ದೇವಾಲಯದಲ್ಲಿ ನಡೆಯಿತು ಎಂಬುದೆಲ್ಲ ಅಲ್ಲಿದೆ. ಹುಬ್ಬಳ್ಳಿಯಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದ ನನ್ನ ಮುತ್ತಜ್ಜ ಬರೆದ ಸಾಲುಗಳು ಎಲ್ಲಕ್ಕಿಂತ ಮೇಲಿವೆ, ಶಾಯಿ ಕಂದುಬಣ್ಣಕ್ಕೆ ತಿರುಗಿದೆ. ಅವುಗಳಲ್ಲೊಂದು ಹೀಗಿದೆ: "1898. ಪ್ಲೇಗು. ಊರ ಹೊರಗೆ ಜೋಪಡಿಯಲ್ಲಿ ಇದ್ದೇವೆ. ಮಂಗಳವಾರ ಮಗು ತೀರಿತು. ಮಗ್ಗ ಮನೆಯಲ್ಲೇ ಉಳಿಯಿತು."

ಚಿಕ್ಕವಳಿದ್ದಾಗ ಈ ಸಾಲು ನನಗೆ ಬಹಳ ಒಣಕಲಾಗಿ ಕಾಣುತ್ತಿತ್ತು. ಸತ್ತದ್ದು ಸ್ವಂತ ಮಗು, ಬರೆದದ್ದು ಸತ್ಯವೇದದ ಹಾಳೆಯ ಮೇಲೆ, ಆದರೂ ಅದರಲ್ಲಿ ದೇವರ ಹೆಸರಿಲ್ಲ, ಕರ್ತನ ಚಿತ್ತವೆಂಬ ಮಾತಿಲ್ಲ, ಸ್ವರ್ಗದಲ್ಲಿ ಕಾಣುವೆವೆಂಬ ಭರವಸೆಯೂ ಇಲ್ಲ. ಆ ಮನುಷ್ಯನಿಗೆ ಬರೆಯಲು ಬರುತ್ತಿರಲಿಲ್ಲವೆಂದೇ ನಾನು ಬಹಳ ವರ್ಷ ತಿಳಿದಿದ್ದೆ. ಬರೆಯಲು ಬಾರದಿದ್ದವಳು ನಾನು ಎಂದು ಗೊತ್ತಾಗಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಬೇಕಾಯಿತು.

ನಾನು ಕಸುಬಿನಿಂದ ನರ್ಸು. ಅಪ್ಪ ಗದಗ-ಬೆಟಗೇರಿಯಲ್ಲಿ ಸಭೆಯ ಉಪದೇಶಿಯಾಗಿದ್ದರು. ಬೆಟಗೇರಿಯ ಜರ್ಮನ್ ದವಾಖಾನೆಯ ಸಿಸ್ಟರುಗಳನ್ನು ನೋಡುತ್ತ ಬೆಳೆದ ನನಗೆ ಬೇರೆ ಕೆಲಸ ತೋಚಲೇ ಇಲ್ಲ. ಈಗ ಮನೆ ಧಾರವಾಡದಲ್ಲಿ, ಡ್ಯೂಟಿ ಹುಬ್ಬಳ್ಳಿಯಲ್ಲಿ. ಇದರ ನಡುವೆ ಬರೆಯುತ್ತೇನೆ. ಕ್ರೈಸ್ತ ಮಾಸಪತ್ರಿಕೆಗಳಿಗೆ ಧ್ಯಾನ ಲೇಖನಗಳು, ಸಭೆಗಳ ಸ್ಮರಣ ಸಂಚಿಕೆಗಳಿಗೆ ಪ್ರಬಂಧಗಳು, ಒಮ್ಮೊಮ್ಮೆ ಎಲ್ಲರೂ ಓದುವ ಪತ್ರಿಕೆಗೊಂದು ಕಥೆ. ಸಭೆಯಲ್ಲಿ ಬರೆಯುವ ಆಸೆಯಿರುವ ಹುಡುಗ ಹುಡುಗಿಯರು ಸಿಕ್ಕಾಗ, "ಸಿಸ್ಟರ್, ನಿಮಗ ಟೈಮ್ ಎಲ್ಲಿಂದ ಸಿಗತೈತ್ರಿ?" ಎಂದು ಕೇಳುತ್ತಾರೆ. "ಪ್ರಾರ್ಥನೆ ಮಾಡಿ ಕೂಡತೇನಿ, ದೇವರು ಬರಸ್ತಾನ" ಎಂದು ಮೊದಲೆಲ್ಲ ಹೇಳುತ್ತಿದ್ದೆ. ಕೇಳಿದವರಿಗೆ ಸಮಾಧಾನವಾಗುತ್ತಿತ್ತು, ನನಗೂ ಹೇಳಲು ಹಿತವಾಗಿತ್ತು. ಆದರೆ ಅದು ನಿಜವಾಗಿರಲಿಲ್ಲ. ಆ ವರ್ಷಗಳಲ್ಲಿ ನಾನು ಪ್ರಾರ್ಥನೆ ಮಾಡಿ ಕೂಡುತ್ತಿದ್ದೆ, ಏನೂ ಬರೆಯದೆ ಏಳುತ್ತಿದ್ದೆ.

ಬರೆಯುವ ಕ್ರೈಸ್ತರಿಗೆ ಈ ಸೀಮೆಯಲ್ಲಿ ಒಂದು ಅನುಕೂಲವಿದೆ, ಅದೇ ಅನನುಕೂಲವೂ ಹೌದು. ಸಭೆಯ ವರ್ಷಕ್ಕೆ ತನ್ನದೇ ಪಂಚಾಂಗವಿರುವುದರಿಂದ ಬರೆಸಿಕೊಳ್ಳುವವರು ಯಾವಾಗಲೂ ಇರುತ್ತಾರೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ಲೋಕ ಪ್ರಾರ್ಥನಾ ದಿನ. ಪ್ರತಿವರ್ಷ ಒಂದೊಂದು ದೇಶದ ಹೆಂಗಸರು ಸಿದ್ಧಪಡಿಸುವ ಆರಾಧನಾ ಕ್ರಮವನ್ನು ಕನ್ನಡದಲ್ಲಿ ಓದುವಂತೆ ಮಾಡಲು ಯಾರಾದರೂ ಕೂಡಲೇಬೇಕು. ಅದು ಮುಗಿಯುವಷ್ಟರಲ್ಲಿ ಶ್ರಮೆಯ ದಿನಗಳು, ಶುಭ ಶುಕ್ರವಾರದ ಏಳು ಮಾತುಗಳು, ಈಸ್ಟರ್. ಆಮೇಲೆ ಬೇಸಿಗೆಯ ಮಕ್ಕಳ ಶಿಬಿರಕ್ಕೆ ಹಾಡು, ಬೆಳೆ ಹಬ್ಬಕ್ಕೊಂದು ರೂಪಕ, ಡಿಸೆಂಬರಿನಲ್ಲಿ ಸಂಡೇ ಸ್ಕೂಲಿನವರ ನಾಟಕ. ಆ ನಾಟಕದಲ್ಲಿ ಕುರುಬರ ಸಂಖ್ಯೆ ಪ್ರತಿವರ್ಷ ಹೆಚ್ಚುತ್ತ ಹೋಗುವುದು ಯಾವ ಮಗುವನ್ನೂ ಬಿಡುವಂತಿಲ್ಲವೆಂಬ ಕಾರಣಕ್ಕೆ. ಒಂದು ವರ್ಷ ಹದಿನಾಲ್ಕು ಕುರುಬರಿಗೆ ನಾನು ಮಾತು ಬರೆದದ್ದುಂಟು. ಹೀಗೆ ಬರೆಸಿಕೊಳ್ಳುವವರಿದ್ದಾಗ ಬರೆಯುತ್ತಿದ್ದೆ, ಇಲ್ಲದ ತಿಂಗಳುಗಳಲ್ಲಿ ಪೆನ್ನು ಮುಟ್ಟುತ್ತಿರಲಿಲ್ಲ. ವರ್ಷಕ್ಕೆ ಏಳೆಂಟು ಲೇಖನಗಳಾಗುತ್ತಿದ್ದುದರಿಂದ ನನಗೆ ಬರವಣಿಗೆಯ ಅಭ್ಯಾಸವಿದೆ ಎಂದೇ ನಂಬಿದ್ದೆ. ಇದ್ದದ್ದು ಒಪ್ಪಿಕೊಂಡ ಕೆಲಸ ಮುಗಿಸಿಕೊಡುವ ಅಭ್ಯಾಸ ಮಾತ್ರ.

ಹಾಗೆ ಬರೆದ ಲೇಖನಗಳನ್ನು ಈಗ ತೆಗೆದು ನೋಡಿದರೆ ಅವುಗಳ ಭಾಷೆಯೇ ಎಲ್ಲವನ್ನೂ ಹೇಳಿಬಿಡುತ್ತದೆ. ಕೃಪೆ, ಪಶ್ಚಾತ್ತಾಪ, ಆತ್ಮಿಕ ಬಲ, ಪಾಪದ ಬಂಧನ, ರಕ್ಷಣೆಯ ಸಂತೋಷ. ಇವು ಕೆಟ್ಟ ಮಾತುಗಳಲ್ಲ. ನಮ್ಮ ಹಿರಿಯರು ಕಷ್ಟಪಟ್ಟು ಕನ್ನಡಕ್ಕೆ ತಂದ, ಇಲ್ಲವೇ ಕನ್ನಡದಲ್ಲಿದ್ದವನ್ನೇ ಹುಡುಕಿ ಹೊಸ ಅರ್ಥ ತುಂಬಿದ ಮಾತುಗಳು. ಆದರೆ ಪುಟದ ತುಂಬ ಇವೇ ಆದಾಗ ಬರೆದವಳು ಏನನ್ನೂ ನೋಡಿಲ್ಲವೆಂಬುದು ಗೊತ್ತಾಗುತ್ತದೆ. ಮನೆಯಲ್ಲಿ ನಾವು ಆಡುವುದು ಅಪ್ಪಟ ಧಾರವಾಡದ ಕನ್ನಡ. ಪ್ರಾರ್ಥನೆಗೆ ಕಣ್ಣು ಮುಚ್ಚಿದೊಡನೆ ನಮ್ಮ ಬಾಯಿಂದ ಹೊರಡುವುದು ಬೇರೆಯದೇ ಕನ್ನಡ. ಅವ್ವ ಕೂಡ ಹಾಗೆಯೇ. ರೊಟ್ಟಿ ಬಡಿಯುತ್ತ ಹತ್ತು ಮಾತಿನಲ್ಲಿ ಓಣಿಯ ಕಥೆಯನ್ನೆಲ್ಲ ಕಣ್ಣಿಗೆ ಕಟ್ಟಿಸುವವಳು, ಮನೆಕೂಟದಲ್ಲಿ ಪ್ರಾರ್ಥನೆಗೆ ನಿಂತರೆ ಪುಸ್ತಕ ಓದಿದಂತೆ ಮಾತಾಡುತ್ತಾಳೆ. ಪ್ರಾರ್ಥನೆಯಲ್ಲಿ ಅದಕ್ಕೊಂದು ಗಾಂಭೀರ್ಯವಿದೆ, ನಾನು ಅದನ್ನು ಆಕ್ಷೇಪಿಸುವುದಿಲ್ಲ. ಬರವಣಿಗೆಯನ್ನೂ ಪ್ರಾರ್ಥನೆಯೆಂದೇ ತಿಳಿದು ಅದೇ ಕನ್ನಡದಲ್ಲಿ ಕೂತದ್ದು ನನ್ನ ತಪ್ಪು.

ಇದು ಗೊತ್ತಾದದ್ದು ಒಂದು ಶುಭ ಶುಕ್ರವಾರದ ನಿಮಿತ್ತ. ಶಿಲುಬೆಯ ಮೇಲಿನ ಏಳು ಮಾತುಗಳನ್ನು ಏಳು ಜನರಿಗೆ ಹಂಚುವ ಪದ್ಧತಿಯಂತೆ ಸಭಾಪಾಲಕರು ಆ ವರ್ಷ ಐದನೆಯದನ್ನು ನನಗೆ ಕೊಟ್ಟಿದ್ದರು: "ನನಗೆ ನೀರಡಿಕೆಯಾಗಿದೆ." ಹತ್ತು ನಿಮಿಷದ ಪ್ರಸಂಗ. ಆತ್ಮದ ದಾಹ, ಜೀವಜಲ, ಸಮಾರ್ಯದ ಸ್ತ್ರೀ ಎಂದು ನಾಲ್ಕು ಪುಟ ತುಂಬಿಸಿ ಇಟ್ಟುಕೊಂಡಿದ್ದೆ. ಹಿಂದಿನ ರಾತ್ರಿ ನೈಟ್ ಡ್ಯೂಟಿ ಇತ್ತು. ಹೊಟ್ಟೆಯ ಆಪರೇಷನ್ ಆದ ಮುದುಕರೊಬ್ಬರಿಗೆ ಬಾಯಿಗೆ ಏನನ್ನೂ ಕೊಡುವಂತಿರಲಿಲ್ಲ. ಸಲೈನ್ ಹೋಗುತ್ತಿತ್ತು, ದೇಹಕ್ಕೆ ನೀರಿನ ಕೊರತೆಯಿರಲಿಲ್ಲ; ಆದರೆ ಬಾಯಿಗೆ ಅದು ತಿಳಿಯುವುದಿಲ್ಲ. ನಾನು ಹತ್ತಿರ ಹೋದಾಗಲೆಲ್ಲ ಅವರು, "ಯವ್ವಾ, ನೀರಡಿಕಿ ಆಗೇತಿ" ಎನ್ನುತ್ತಿದ್ದರು. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ತುಟಿಗೆ ಒತ್ತುತ್ತಿದ್ದೆ. ಒಣಗಿ ಬಿರಿದ ತುಟಿ ಹತ್ತಿಯನ್ನು ಹಿಡಿದುಕೊಳ್ಳುತ್ತಿತ್ತು, ಬಿಡಿಸಿಕೊಳ್ಳುವಾಗ ಒಂದು ಸಣ್ಣ ಎಳೆ ತುಟಿಗೆ ಅಂಟಿಕೊಂಡೇ ಉಳಿಯುತ್ತಿತ್ತು. ರಾತ್ರಿ ಮೂರು ಗಂಟೆಯ ಹೊತ್ತಿಗೆ, ಆರನೆಯದೋ ಏಳನೆಯದೋ ಸಲ, ಆ ಎಳೆಯನ್ನು ತೆಗೆಯುತ್ತಿರುವಾಗ, ಈ ಮುದುಕರು ಹೇಳುತ್ತಿರುವುದೂ ನಾಳೆ ನಾನು ಓದಬೇಕಾದದ್ದೂ ಒಂದೇ ಮಾತು ಎಂದು ಹೊಳೆಯಿತು. ದಾಹವಲ್ಲ, ತೃಷೆಯಲ್ಲ, ನಮ್ಮ ಸತ್ಯವೇದದಲ್ಲಿ ಇರುವುದು ನೀರಡಿಕೆ, ನಮ್ಮ ಓಣಿಯ ಮಾತು. ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಬಾಯಿಗೆ ಒತ್ತಿದ್ದೂ ಒದ್ದೆ ಮಾಡಿದ ಸ್ಪಂಜನ್ನೇ.

ಮರುದಿನ ನಾಲ್ಕು ಪುಟಗಳನ್ನು ಚೀಲದಲ್ಲೇ ಬಿಟ್ಟು, ಆ ಹತ್ತಿಯ ವಿಷಯವನ್ನಷ್ಟೇ ಹೇಳಿ ಕುಳಿತೆ. ನಾಲ್ಕು ನಿಮಿಷವೂ ಆಗಲಿಲ್ಲ. ಬೇಗ ಮುಗಿಯಿತೆಂದು ಕೆಲವರು ಸಂತೋಷಪಟ್ಟರು. ಏಳು ಪ್ರಸಂಗಗಳ ಆರಾಧನೆಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಅದೂ ಒಂದು ಸೇವೆಯೇ.

ಆ ಮಾತು ಬಂದದ್ದು ಎಲ್ಲಿಂದ ಎಂದು ಯೋಚಿಸಿದಾಗ, ಅದು ಡ್ಯೂಟಿ ಪುಸ್ತಕದಿಂದ ಬಂದಿತ್ತು. ಪಾಳಿ ಮುಗಿಸಿ ವಾರ್ಡನ್ನು ಮುಂದಿನವರಿಗೆ ಒಪ್ಪಿಸುವಾಗ ಪ್ರತಿ ರೋಗಿಯ ಬಗೆಗೆ ಬರೆಯಬೇಕು: ಎಷ್ಟು ಹೊತ್ತಿಗೆ ಏನು ಕೊಟ್ಟೆವು, ಜ್ವರ ಎಷ್ಟಿತ್ತು, ನಾಡಿ ಎಷ್ಟು, ರೋಗಿ ಏನು ಹೇಳಿದರು, ಕೊನೆಗೆ ಸಹಿ. "ರೋಗಿ ಚೆನ್ನಾಗಿದ್ದಾರೆ" ಎಂದು ಬರೆದರೆ ಹಿರಿಯ ಸಿಸ್ಟರುಗಳು ಬೈಯುತ್ತಿದ್ದರು. ಚೆನ್ನಾಗಿದ್ದಾರೆ ಎಂದರೇನು? ನಿದ್ದೆ ಮಾಡಿದರೇ, ಎಷ್ಟು ತಾಸು, ನೋವಿಗೆ ಎಚ್ಚರವಾಯಿತೇ? ನೋಡದೆ ಇದ್ದದ್ದನ್ನು ಬರೆಯಬಾರದು, ನೋಡಿದ್ದನ್ನು ಬಿಡಬಾರದು. ಮನಸ್ಸು ಸರಿಯಿಲ್ಲ, ಪ್ರೇರಣೆ ಬಂದಿಲ್ಲ ಎಂದು ಯಾವ ನರ್ಸೂ ಆ ಪುಸ್ತಕವನ್ನು ಖಾಲಿ ಬಿಟ್ಟು ಮನೆಗೆ ಹೋಗಿಲ್ಲ. ವೃತ್ತಿಗೆ ಸೇರಿದಾಗಿನಿಂದ ದಿನವೂ ಬರೆಯುತ್ತಿದ್ದವಳು ನಾನು. ಅದನ್ನು ಬರವಣಿಗೆಯೆಂದು ಎಣಿಸಿರಲಿಲ್ಲ, ಅಷ್ಟೇ. ಮುತ್ತಜ್ಜನ ಸಾಲು ಅರ್ಥವಾದದ್ದೂ ಆಗಲೇ. ಅವನು ತನ್ನ ಮಗುವಿನ ಪಾಳಿಯನ್ನು ಒಪ್ಪಿಸಿದ್ದ.

ಹಾಗಾಗಿ ಮನೆಗೂ ಒಂದು ಡ್ಯೂಟಿ ಪುಸ್ತಕ ಮಾಡಿದೆ. ಇನ್ನೂರು ಪುಟದ ಲಾಂಗ್ ಬುಕ್. ದಿನಕ್ಕೆ ಅರ್ಧ ಪುಟ, ಹೊತ್ತು ಮತ್ತು ತಾರೀಖು ಮೇಲೆ, ಕೆಳಗೆ ಸಹಿ. ಆ ಪುಟದಲ್ಲಿ ಆ ದಿನ ಕಣ್ಣಿಗೆ ಬಿದ್ದದ್ದು ಇರಬೇಕು. ಅದರಿಂದ ಕಲಿತ ಪಾಠ ಇರಬಾರದು. ಪಾಠವಿಲ್ಲದೆ ನಿಲ್ಲಿಸುವುದು ಪ್ರಸಂಗ ಕೇಳಿ ಬೆಳೆದವರಿಗೆ ಎಷ್ಟು ಕಷ್ಟವೆಂಬುದು ಪ್ರಯತ್ನಿಸಿದವರಿಗೇ ಗೊತ್ತು. ಮೊದಲ ಮೂರು ತಿಂಗಳು ಪ್ರತಿ ಪುಟದ ಕೊನೆಯ ಸಾಲನ್ನು ಹೊಡೆದುಹಾಕಬೇಕಾಯಿತು.

ಈ ಸೀಮೆಯಲ್ಲಿ ಹೀಗೆ ಬರೆದವರು ಹಿಂದೆಯೂ ಇದ್ದರು. ಉತ್ತಂಗಿ ಚನ್ನಪ್ಪನವರು ಧಾರವಾಡದಲ್ಲಿ 1881ರಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ ಸಭೆಗಳಲ್ಲಿ ಸಭಾಪಾಲಕರಾಗಿದ್ದವರು. ಹಾವೇರಿ ಕಡೆಯ ಜನ ನಮ್ಮವನೆಂದು ಹೇಳಿಕೊಳ್ಳುವ ಸರ್ವಜ್ಞನ ತ್ರಿಪದಿಗಳನ್ನು ಹಳ್ಳಿಗಳ ಬಾಯಿಂದ, ಹಸ್ತಪ್ರತಿಗಳಿಂದ ವರ್ಷಗಟ್ಟಲೆ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಈ ತಾರೀಖುಗಳನ್ನು ಪಠ್ಯಪುಸ್ತಕದಂತೆ ಒಪ್ಪಿಸುವುದು ಸುಲಭ. ಸಭಾಪಾಲಕನ ದಿನ ಹೇಗಿರುತ್ತದೆಂಬುದು ಉಪದೇಶಿಯ ಮಗಳಾದ ನನಗೆ ಗೊತ್ತಿದೆ. ಊಟಕ್ಕೆ ಕೂತಾಗ ಸಾವಿನ ಸುದ್ದಿ ಬರುತ್ತದೆ, ಮಲಗಿದಾಗ ಗಂಡ ಹೆಂಡಿರ ಜಗಳ ಬಾಗಿಲು ಬಡಿಯುತ್ತದೆ, ಶನಿವಾರ ರಾತ್ರಿ ಪ್ರಸಂಗ ಕುತ್ತಿಗೆಗೆ ಬರುತ್ತದೆ. ಅಂಥ ದಿನಗಳ ನಡುವೆ ಒಂದು ತ್ರಿಪದಿ ಕಿವಿಗೆ ಬಿದ್ದ ತಕ್ಷಣ ಗುರುತು ಹಾಕಿಕೊಳ್ಳುವುದು, ಪಾಠಾಂತರ ನೋಡುವುದು, ಇನ್ನೊಂದು ಸಿಗುವವರೆಗೆ ಕಾಯುವುದು! ಅವರು ಕೂಡಿಸುತ್ತಿದ್ದದ್ದು ಕ್ರೈಸ್ತ ಸಾಹಿತ್ಯವೂ ಅಲ್ಲ, ಸಭೆಯವರು ಯಾರೂ ಕೇಳಿದ್ದೂ ಅಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಧಾರವಾಡದಲ್ಲಿ ಕಾಲೇಜಿನ ಹೆಸರಾಗಿ ದಿನವೂ ಕಿವಿಗೆ ಬೀಳುವ ಕಿಟೆಲ್ ಅವರ ಲೆಕ್ಕವೂ ಇಂಥದೇ. ಅವರು ಈ ದೇಶಕ್ಕೆ ಬಂದದ್ದು 1853ರಲ್ಲಿ, ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರ್ಷ, ಸುಮಾರು 70,000 ಶಬ್ದ. ನಿಘಂಟನ್ನು ಭಾವಾವೇಶದಲ್ಲಿ ಬರೆಯಲು ಸಾಧ್ಯವಿಲ್ಲವೆಂಬುದೇ ನನಗೆ ಅದರಲ್ಲಿ ಹಿಡಿಸಿದ ಸಂಗತಿ.

ಸತ್ಯವೇದದ ಬರಹಗಾರರಲ್ಲಿ ನನಗೆ ಹತ್ತಿರದವನು ಲೂಕ, ಬಹುಶಃ ಅವನು ವೈದ್ಯನೆಂಬ ಕಾರಣಕ್ಕೆ. ಅವನ ಸುವಾರ್ತೆಯ ಆರಂಭವನ್ನು ಗಮನವಿಟ್ಟು ಓದಿ. ದರ್ಶನವಾಯಿತು, ಧ್ವನಿ ಕೇಳಿತು ಎಂದು ಅವನು ಹೇಳುವುದಿಲ್ಲ. ಬೇರೆಯವರೂ ಈ ಕೆಲಸಕ್ಕೆ ಕೈಹಾಕಿದ್ದಾರೆ, ಕಣ್ಣಾರೆ ಕಂಡವರ ಮಾತನ್ನು ನಾನು ಮೊದಲಿನಿಂದ ವಿಚಾರಿಸಿದ್ದೇನೆ, ಕ್ರಮವಾಗಿ ಬರೆಯುವುದು ಒಳ್ಳೆಯದೆಂದು ನನಗೂ ತೋಚಿತು ಎಂಬ ಧಾಟಿಯಲ್ಲಿ ಥೆಯೊಫಿಲನಿಗೆ ಹೇಳುತ್ತಾನೆ. ತೋಚಿತು, ಅಷ್ಟೇ. ಇನ್ನೊಬ್ಬನು ತೆರ್ತ್ಯ. ಪೌಲನ ರೋಮಾಪುರದ ಪತ್ರವನ್ನು ಪೌಲ ಹೇಳಿದಂತೆ ಬರೆದುಕೊಂಡವನು. ಹದಿನಾರು ಅಧ್ಯಾಯ ಬರೆದು ಕೈ ನೋಯಿಸಿಕೊಂಡ ಮೇಲೆ ಅವನಿಗೆ ದಕ್ಕಿದ್ದು ಒಂದೇ ವಚನ, ಅದರಲ್ಲಿ ಅವನು ಓದುಗರಿಗೆ ವಂದನೆ ಹೇಳುತ್ತಾನೆ.

ಇನ್ನು ಬರೆಯುವ ಹೊತ್ತಿನ ವಿಷಯ. ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತುತ್ತೇನೆ. ಸೀಟು ಸಿಕ್ಕರೆ ವಿದ್ಯಾನಗರ ದಾಟುವಷ್ಟರಲ್ಲಿ ಮೊಬೈಲಿನಲ್ಲಿ ಬೆರಳಾಡಿಸಲು ಶುರು ಮಾಡಿದರೆ ನವನಗರದ ಹೊತ್ತಿಗೆ ಅರ್ಧ ಪುಟವಾಗಿರುತ್ತದೆ. ಉಣಕಲ್ ಕೆರೆ ಬಂದಾಗ ತಲೆಯೆತ್ತಿ ನೋಡುವುದು ರೂಢಿ. ಮಧ್ಯಾಹ್ನ ಎದ್ದ ಮೇಲೆ ಅದನ್ನು ಪುಸ್ತಕಕ್ಕೆ ಇಳಿಸುತ್ತೇನೆ, ಇಳಿಸುವಾಗ ಅರ್ಧ ಮಾತು ಉದುರಿಹೋಗುತ್ತವೆ. ಬೆಳಗಿನ ಪಾಳಿಯಿದ್ದಾಗ ರಾತ್ರಿ ಊಟವಾದ ಮೇಲೆ. ದಿನವೂ ಒಂದೇ ಹೊತ್ತಿಗೆ ಕೂಡಬೇಕೆಂದು ಉಪದೇಶಿಸುವವರು ಪಾಳಿಯ ಕೆಲಸ ಮಾಡಿದವರಲ್ಲ. ವಾರಕ್ಕೊಮ್ಮೆ ಹಗಲು ರಾತ್ರಿ ತಿರುಗುಮುರುಗಾಗುವವರಿಗೆ ಗಡಿಯಾರದ ನಿಯಮ ಉಪಯೋಗಕ್ಕೆ ಬರುವುದಿಲ್ಲ. "ಪಾಳಿ ಮುಗಿದ ಮೇಲೆ" ಎಂಬ ನಿಯಮ ಬರುತ್ತದೆ. ಭಾನುವಾರ ಬರೆಯುವುದಿಲ್ಲ. ರೋಗಿಗಳ ಹೆಸರು, ಊರು, ಯಾರೆಂದು ಗುರುತಾಗುವ ಯಾವ ವಿವರವೂ ಆ ಪುಸ್ತಕಕ್ಕೆ ಹೋಗುವುದಿಲ್ಲ. ಮೇಲೆ ಹೇಳಿದ ಮುದುಕರ ಕಾಯಿಲೆ ಕೂಡ ನಾನು ಹೇಳಿದಂತೆಯೇ ಇರಲಿಲ್ಲ.

ಒಮ್ಮೆ ಕ್ರಿಸ್ಮಸ್ಸಿಗೆ ಮನೆ ಸುಣ್ಣ ಬಣ್ಣ ಮಾಡಿಸುವಾಗ ಅವ್ವ ಹಳೆಯ ಪತ್ರಿಕೆಗಳ ಜೊತೆ ನನ್ನ ಎಂಟು ತಿಂಗಳ ಲಾಂಗ್ ಬುಕ್ಕನ್ನೂ ರದ್ದಿಯವನಿಗೆ ತೂಗಿ ಕೊಟ್ಟುಬಿಟ್ಟಳು. ಗೊತ್ತಾಗುವಷ್ಟರಲ್ಲಿ ಎರಡು ದಿನವಾಗಿತ್ತು. ನಾನು ಅಳುವುದನ್ನು ನೋಡಿ ಮೊದಲು ಅವಳಿಗೆ ಗಾಬರಿಯಾಯಿತು, ಆಮೇಲೆ ಸಿಟ್ಟು ಬಂತು. "ನೀನ ಬರದದ್ದಲ್ಲೇನು? ಹೊಳ್ಳಿ ಬರಿ. ಯೆರೆಮೀಯನ ಸುರುಳಿ ಅರಸ ಸುಟ್ಟಾಗ ಆಂವ ಏನ್ ಅಳಕೋತ ಕುಂತನೇನು?" ಉಪದೇಶಿಯ ಹೆಂಡತಿಯೊಡನೆ ವಾದಿಸಿ ಗೆಲ್ಲುವುದು ಕಷ್ಟ. ಯೆಹೋಯಾಕೀಮ ಅರಸನು ಚಳಿಗಾಲದಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು, ಸುರುಳಿಯನ್ನು ಓದಿಸಿಕೊಳ್ಳುತ್ತ, ಓದಿದಷ್ಟನ್ನು ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿದ್ದು, ಆಮೇಲೆ ಯೆರೆಮೀಯ ಹೇಳಿದಂತೆ ಬರೆದುಕೊಳ್ಳುತ್ತಿದ್ದ ಬಾರೂಕನು ಅದನ್ನೆಲ್ಲ ಇನ್ನೊಂದು ಸುರುಳಿಯಲ್ಲಿ ಮತ್ತೆ ಬರೆದದ್ದು, ಹಾಗೆ ಬರೆಯುವಾಗ ಅಂಥ ಮಾತುಗಳು ಇನ್ನೂ ಅನೇಕ ಸೇರಿದ್ದು ಎಲ್ಲವೂ ಸತ್ಯವೇದದಲ್ಲಿದೆ. ನನಗೆ ಹಾಗಾಗಲಿಲ್ಲ. ಎಂಟು ತಿಂಗಳಲ್ಲಿ ನೆನಪಾದದ್ದು ಹನ್ನೊಂದು ಪುಟಕ್ಕಾಗುವಷ್ಟು ಮಾತ್ರ. ಉಳಿದವು ಹೋದದ್ದಕ್ಕೆ ಈಗ ಅಂಥ ದುಃಖವಿಲ್ಲ, ಯಾವುದೋ ಕಿರಾಣಿ ಅಂಗಡಿಯಲ್ಲಿ ನನ್ನ ಅಕ್ಷರದಲ್ಲಿ ಯಾರೋ ಶೇಂಗಾ ಕಟ್ಟಿಸಿಕೊಂಡಿರಬಹುದೆಂಬ ಸಂಕೋಚವಿದೆ.

ಬರೆದದ್ದನ್ನು ಯಾರಿಗೆ ಕಳಿಸಬೇಕೆಂಬ ತೊಡಕು ಮಾತ್ರ ಇಂದಿಗೂ ಬಿಡಿಸಿಕೊಂಡಿಲ್ಲ. ಹತ್ತಿಯ ಪ್ರಸಂಗವನ್ನು ಪ್ರಬಂಧ ಮಾಡಿ ಒಂದು ಕ್ರೈಸ್ತ ಪತ್ರಿಕೆಗೆ ಕಳಿಸಿದೆ. ಕೊನೆಗೆ ಒಂದು ಪ್ಯಾರಾ ಅವರೇ ಸೇರಿಸಿ, ಆ ಮುದುಕರು ಜೀವಜಲವನ್ನು ಕಂಡುಕೊಂಡರೆಂದು ಅಚ್ಚು ಮಾಡಿದರು. ಆ ರಾತ್ರಿ ಅವರು ಕಂಡುಕೊಂಡದ್ದು ಹತ್ತಿಯನ್ನು. ಅವರು ಯಾವ ಧರ್ಮದವರೆಂದೂ ನಾನು ಬರೆದಿರಲಿಲ್ಲ. ಅದೇ ಪ್ರಬಂಧದ ಮೂಲವನ್ನು ಬೇರೊಂದು ಪತ್ರಿಕೆಗೆ ಕೊಟ್ಟಾಗ, ಶಿಲುಬೆಯ ಮಾತಿರುವುದರಿಂದ ಇದು ಧರ್ಮಪ್ರಚಾರದಂತೆ ಕಾಣಬಹುದೆಂದು ವಿನಯದಿಂದಲೇ ಹಿಂದಿರುಗಿಸಿದರು. ಒಬ್ಬರಿಗೆ ಸತ್ಯವೇದ ಸಾಲದು, ಇನ್ನೊಬ್ಬರಿಗೆ ಹೆಚ್ಚಾಯಿತು. ಕನ್ನಡದಲ್ಲಿ ಬರೆಯುವ ಕ್ರೈಸ್ತರು ಎರಡು ಬಾಗಿಲುಗಳ ನಡುವಿನ ಪಡಸಾಲೆಯಲ್ಲಿ ಕೂತು ಬರೆಯುವವರು. ಗೌರವಧನದ ಮಾತು ಎರಡೂ ಕಡೆ ಬಾರದು. ಗೌರವ ಪ್ರತಿ ಬಂದರೆ ಪುಣ್ಯ. ಇದನ್ನು ದೂರಾಗಿ ಹೇಳುತ್ತಿಲ್ಲ, ಅಚ್ಚಾಗುವುದನ್ನೇ ನಂಬಿ ಕೂತಿದ್ದರೆ ಅಭ್ಯಾಸ ಎಂದೋ ಬಿಟ್ಟುಹೋಗುತ್ತಿತ್ತು ಎಂದು ಹೇಳುತ್ತಿದ್ದೇನೆ. ಲಾಂಗ್ ಬುಕ್ಕಿಗೆ ಸಂಪಾದಕರಿಲ್ಲ.

ಅಪ್ಪ ತೀರಿಕೊಂಡ ಮಳೆಗಾಲದಲ್ಲಿ, ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಅವ್ವ ಆ ಹಳೆಯ ಸತ್ಯವೇದವನ್ನು ತಂದು ನನ್ನ ಮುಂದಿಟ್ಟಳು. ಖಾಲಿ ಹಾಳೆಯಲ್ಲಿ ಉಳಿದಿದ್ದದ್ದು ನಾಲ್ಕು ಬೆರಳಿನಷ್ಟು ಜಾಗ. ಮೊದಲು ಬೇರೆ ಕಾಗದದ ಮೇಲೆ ಬರೆದು ನೋಡಿದೆ. ಉಪದೇಶಿಯಾಗಿ ಅವರು ಸೇವೆ ಸಲ್ಲಿಸಿದ ವರ್ಷಗಳು, ಅವರಿಗೆ ಪ್ರಿಯವಾದ ಕೀರ್ತನೆ, ಕೊನೆಯ ದಿನಗಳ ಶಾಂತಿ, ಎಲ್ಲ ಸೇರಿ ಒಂದು ಪುಟವಾಯಿತು. ಹೊಡೆದುಹಾಕುತ್ತ ಹಾಕುತ್ತ ತಾರೀಖು, ಹೊತ್ತು, "ಅಪ್ಪ ತೀರಿದರು" ಎಂಬಷ್ಟು ಉಳಿಯಿತು. ಅದನ್ನು ಹಾಳೆಗೆ ಇಳಿಸಿ ಅವ್ವನಿಗೆ ಓದಿ ಹೇಳಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ಹೊತ್ತಿನ್ಯಾಗ ಲೈಟ್ ಹೋಗಿದ್ವು," ಅಂದಳು. "ಮೇಣಬತ್ತಿ ಹುಡುಕಾಕ ನಾ ಒಳಗ ಹೋಗಿದ್ನಿ. ಅದನ್ನೂ ಬರಿ."

ಜಾಗ ಸಾಲುವಂತೆ ಅಕ್ಷರ ಸಣ್ಣದು ಮಾಡಿ, ಅದನ್ನೂ ಬರೆದೆ.